ತುರ್ತು ಸನ್ನದ್ಧತೆಯ ಕಾರ್ಯವಿಧಾನ ಪರಿಷ್ಕರಣೆ: ಎಲ್ಲಿಂದ ಶುರು ಮಾಡಬೇಕು, ಏನನ್ನು ಕಿತ್ತು ಹಾಕಬೇಕು?

ಪ್ರಶ್ನೆ: ಹೊಸ_ಕರಡು

ಎಲ್ಲರಿಗೂ ನಮಸ್ಕಾರ. ಮಾನವೀಯ ನೆರವಿನ ಸಂಸ್ಥೆಯೊಂದರ ತುರ್ತು ಸನ್ನದ್ಧತೆಯ ಕಾರ್ಯವಿಧಾನ ಪರಿಷ್ಕರಣೆಗೆ ಬಂದಿದೆ. ಒಂದು ಕೇಂದ್ರ ಕಚೇರಿ, ಕೆಲವು ಕ್ಷೇತ್ರ ಕಚೇರಿಗಳು. ಕೆಲಸ ನೀರು-ನೈರ್ಮಲ್ಯ, ಆಶ್ರಯ ಮತ್ತು ಪೌಷ್ಟಿಕತೆಯದು.

ಈಗಿನ ದಾಖಲೆ ದಪ್ಪಗಿದೆ. ಕನಿಷ್ಠ ಸನ್ನದ್ಧತಾ ಕ್ರಮಗಳ ಪಟ್ಟಿಯಲ್ಲೇ ಅರವತ್ತಕ್ಕೂ ಹೆಚ್ಚು ಸಾಲುಗಳಿವೆ, ಎಲ್ಲ ಕಚೇರಿಗಳೂ ಪ್ರತಿ ಸಲ ಎಲ್ಲ ಸಾಲಿಗೂ "ಆಗಿದೆ" ಎಂಬ ಹಸಿರು ತುಂಬಿ ಕಳಿಸುತ್ತವೆ. ಅಪಾಯಕ್ಕೆ ಅಂಕ ಕೊಡುತ್ತೇವೆ, ಆದರೆ ಅಂಕ ಏರಿದರೆ ಯಾರು ಏನು ಮಾಡಬೇಕೆಂದು ಎಲ್ಲೂ ಬರೆದಿಲ್ಲ. ಗೋದಾಮಿನಲ್ಲಿ ಇಂತಿಷ್ಟೇ ಸಾಮಾನು ಯಾಕಿದೆ ಎಂಬುದಕ್ಕೆ ಲೆಕ್ಕವಿಲ್ಲ. ಖರೀದಿ, ಹಣಕಾಸು, ಸಿಬ್ಬಂದಿ ನಿಯಮಗಳು ಬೇರೆ ಬೇರೆ ಕೈಪಿಡಿಗಳಲ್ಲಿದ್ದು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಹಾಗಿದೆ.

ಹಳೆಯದನ್ನೇ ತಿದ್ದುತ್ತ ಹೋಗಬೇಕೋ, ಹೊಸದಾಗಿ ಬರೆಯಬೇಕೋ? ದಾಸ್ತಾನಿನ ಪ್ರಮಾಣಕ್ಕೆ ಆಧಾರ ಏನಿರಬೇಕು? ಸಹಿಯಾಗುವ ಮುಂಚೆ ಕರಡನ್ನು ಪರೀಕ್ಷಿಸುವುದು ಹೇಗೆ? ಈ ಕೆಲಸ ಗೊತ್ತಿರುವವರು ದಯವಿಟ್ಟು ವಿವರವಾಗಿ ಹೇಳಿ.

ಉತ್ತರ: ಸಮನ್ವಯ_ಮೇಜು

ತಿದ್ದುತ್ತ ಹೋದರೆ ದಾಖಲೆ ಇನ್ನಷ್ಟು ದಪ್ಪ ಆಗುತ್ತದೆ, ಅಷ್ಟೆ. ಹಳೆಯ ಪಠ್ಯವನ್ನು ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೆಯಲ್ಲಿ ತೀರ್ಮಾನಗಳ ಪಟ್ಟಿ ಮಾಡಿ. ತುರ್ತು ಎಂದು ಘೋಷಿಸುವವರು ಯಾರು, ಮೊದಲ ಹಣ ಬಿಡುವವರು ಯಾರು, ಗೋದಾಮಿನಿಂದ ಸಾಮಾನು ಎತ್ತಲು ಯಾರ ಸಹಿ ಬೇಕು, ಹೊರಗಿನಿಂದ ಸಿಬ್ಬಂದಿ ಕರೆಸುವವರು ಯಾರು, ಕಚೇರಿ ಖಾಲಿ ಮಾಡಿ ಎನ್ನುವವರು ಯಾರು. ಹೆಚ್ಚೆಂದರೆ ಹದಿನೈದು ಇಪ್ಪತ್ತು ತೀರ್ಮಾನ ಸಿಗುತ್ತವೆ. ಪ್ರತಿಯೊಂದರ ಎದುರು ಹುದ್ದೆ, ಅವರು ಸಿಗದಿದ್ದರೆ ಬದಲಿ ಹುದ್ದೆ, ಎಷ್ಟು ಗಂಟೆಯೊಳಗೆ, ಎಷ್ಟು ಮೊತ್ತದವರೆಗೆ ಎಂದು ಬರೆಯಿರಿ. ಕಾರ್ಯವಿಧಾನದ ಬೆನ್ನೆಲುಬು ಇದು. ಈ ತೀರ್ಮಾನಗಳಲ್ಲಿ ಒಂದಕ್ಕೂ ನೆರವಾಗದ ಪ್ಯಾರಾ ಹಳೆಯ ದಾಖಲೆಯಲ್ಲಿದ್ದರೆ ಅದು ಮಾರ್ಗದರ್ಶಿಗೆ ಹೋಗಲಿ, ಇಲ್ಲವೇ ಕಸದ ಬುಟ್ಟಿಗೆ.

ಮೂರು ಪದರ ಸಾಕು. ಮೇಲಿನದು ಕಡ್ಡಾಯ ಭಾಗ, ಹತ್ತು ಹನ್ನೆರಡು ಪುಟ. "ಮಾಡತಕ್ಕದ್ದು" ಎಂಬ ಕ್ರಿಯಾಪದ ಅಲ್ಲಿ ಮಾತ್ರ ಇರಲಿ. "ಸಾಧ್ಯವಾದಷ್ಟು", "ಸೂಕ್ತವೆನಿಸಿದರೆ" ಎಂಬ ಮಾತುಗಳು ಅದರೊಳಗೆ ನುಸುಳಿದರೆ ಲೆಕ್ಕ ಪರಿಶೋಧಕರಿಗೂ ಕ್ಷೇತ್ರದವರಿಗೂ ತಲೆನೋವು ತಪ್ಪಿದ್ದಲ್ಲ. ಎರಡನೆಯದು ಹೇಗೆ ಮಾಡಬೇಕೆಂಬ ಮಾರ್ಗದರ್ಶಿ. ಮೂರನೆಯದು ಅನುಬಂಧ: ಫೋನ್ ಪಟ್ಟಿ, ದಾಸ್ತಾನು ಪಟ್ಟಿ, ಸರಬರಾಜುದಾರರು, ನಕ್ಷೆಗಳು. ಅನುಬಂಧ ಬದಲಾಯಿಸಲು ನಿರ್ದೇಶಕರ ಸಹಿ ಬೇಕಾಗಬಾರದು. ಫೋನ್ ನಂಬರನ್ನು ಕಡ್ಡಾಯ ಭಾಗದಲ್ಲಿ ಹಾಕಿಬಿಟ್ಟರೆ ಒಬ್ಬರ ವರ್ಗಾವಣೆಗೇ ಇಡೀ ದಾಖಲೆ ಹಳತಾಗುತ್ತದೆ.

ಇನ್ನು ಅರವತ್ತು ಸಾಲಿನ ಪಟ್ಟಿ. ಐಎಎಸ್‌ಸಿಯ (ವಿಶ್ವಸಂಸ್ಥೆ ಮತ್ತು ನೆರವು ಸಂಸ್ಥೆಗಳ ಜಂಟಿ ಸಮನ್ವಯ ಸಮಿತಿ) 2015ರ ಇಆರ್‌ಪಿ, ಅಂದರೆ ತುರ್ತು ಸ್ಪಂದನಾ ಸನ್ನದ್ಧತೆಯ ಮಾರ್ಗಸೂಚಿಯ ವಿಂಗಡಣೆ ಈಗಲೂ ಕೆಲಸಕ್ಕೆ ಬರುತ್ತದೆ: ಯಾವಾಗಲೂ ಇರಬೇಕಾದ ಕನಿಷ್ಠ ಕ್ರಮಗಳು ಒಂದು ಕಡೆ, ಅಪಾಯ ಮಧ್ಯಮ ಅಥವಾ ಅದಕ್ಕಿಂತ ಹೆಚ್ಚು ಎಂದು ಕಂಡಾಗ ಮಾಡುವ ಮುಂದುವರಿದ ಕ್ರಮಗಳು ಮತ್ತು ಆ ಅಪಾಯ ಎರಗಿದರೆ ಏನು ಮಾಡಬೇಕೆಂಬ ಆಕಸ್ಮಿಕ ಯೋಜನೆ ಇನ್ನೊಂದು ಕಡೆ. ನಿಮ್ಮಲ್ಲಿ ಎರಡೂ ಬೆರೆತಿರುವ ಹಾಗಿದೆ. ಬೇರ್ಪಡಿಸಿದರೆ ಕನಿಷ್ಠ ಪಟ್ಟಿ ಇಪ್ಪತ್ತರ ಆಸುಪಾಸಿಗೆ ಇಳಿಯುತ್ತದೆ. ಆಮೇಲೆ "ಆಗಿದೆ / ಆಗಿಲ್ಲ" ಕಾಲಮ್ಮನ್ನು ತೆಗೆದುಹಾಕಿ, "ಪುರಾವೆ" ಮತ್ತು "ಪುರಾವೆಯ ದಿನಾಂಕ" ಎಂಬ ಎರಡು ಕಾಲಮ್ ಇಡಿ. "ಸಿಬ್ಬಂದಿ ಸಂಪರ್ಕ ಸರಪಣಿ ಇದೆ" ಎಂಬ ಸಾಲಿಗೆ ಪುರಾವೆ ಎಂದರೆ ಪಟ್ಟಿಯಲ್ಲ, ಕಚೇರಿ ವೇಳೆ ಮುಗಿದ ಮೇಲೆ ನಡೆಸಿದ ಕರೆ ಪರೀಕ್ಷೆಯ ಫಲಿತಾಂಶ: ಎಷ್ಟು ಜನಕ್ಕೆ ಕರೆ ಹೋಯಿತು, ಒಂದು ಗಂಟೆಯೊಳಗೆ ಎಷ್ಟು ಜನ ಉತ್ತರಿಸಿದರು. ಆರು ತಿಂಗಳು ದಾಟಿದ ಪುರಾವೆ ತಾನಾಗಿ ಹಳದಿಗೆ ತಿರುಗಲಿ, ವರ್ಷ ದಾಟಿದ್ದು ಕೆಂಪಿಗೆ. ಹಸಿರಿನ ಸುಗ್ಗಿ ಅಲ್ಲಿಗೆ ನಿಲ್ಲುತ್ತದೆ.

ಅಪಾಯದ ಅಂಕದಲ್ಲಿ ಒಂದು ಒಳಸುಳಿ ಇದೆ. ಸಂಭವ 1ರಿಂದ 5, ಪರಿಣಾಮ 1ರಿಂದ 5, ಗುಣಿಸಿದರೆ ಗರಿಷ್ಠ 25. ಪ್ರತಿ ವರ್ಷ ಬರುವ ಸಾಧಾರಣ ಪ್ರವಾಹಕ್ಕೆ 5 × 3, ಸಂಭವ ಮಧ್ಯಮವಾಗಿರುವ ದೊಡ್ಡ ಭೂಕಂಪಕ್ಕೆ 3 × 5, ಎರಡೂ 15. ಆದರೆ ಸಿದ್ಧತೆ ಒಂದೇ ಅಲ್ಲ. ಮೊದಲನೆಯದಕ್ಕೆ ಸಾಮಾನು ಮತ್ತು ದಿನಚರಿ ಬೇಕು. ಎರಡನೆಯದರಲ್ಲಿ ನಿಮ್ಮ ಕಚೇರಿಯೇ ಕುಸಿದು ಸಿಬ್ಬಂದಿಯೇ ಸಂತ್ರಸ್ತರಾಗಿರಬಹುದು, ಹಾಗಾಗಿ ಹೊರಗಿನಿಂದ ಬಂದು ಕೆಲಸ ವಹಿಸಿಕೊಳ್ಳುವ ವ್ಯವಸ್ಥೆ ಬೇಕು. ಗುಣಲಬ್ಧ ನೋಡಿ ಯೋಜನೆ ಬರೆಯಬೇಡಿ. ಪರಿಣಾಮ 5 ಇರುವ ಪ್ರತಿ ಅಪಾಯಕ್ಕೂ ಸಂಭವ ಎಷ್ಟೇ ಕಡಿಮೆಯಿರಲಿ ಒಂದು ಪುಟದ ಟಿಪ್ಪಣಿ ಕಡ್ಡಾಯ ಮಾಡಿ.

ಅಂಕ ಏರಿದರೆ ಏನು ಎಂಬುದಕ್ಕೆ ಉತ್ತರ ಪೂರ್ವನಿಗದಿತ ಮಿತಿಗಳು. ಒಂದು ಮಿತಿ ಬರೆಯಲು ಐದು ಸಂಗತಿ ಬೇಕು: ಅಳತೆ, ಅದರ ಮೂಲ, ನೋಡುವವರು, ಎಷ್ಟು ದಿನಕ್ಕೊಮ್ಮೆ, ಮಿತಿ ದಾಟಿದ ದಿನವೇ ಆಗುವ ಕೆಲಸ. "ಪರಿಸ್ಥಿತಿ ಹದಗೆಟ್ಟರೆ" ಎಂಬುದು ಮಿತಿಯಲ್ಲ. "ನದಿಯ ಅಳತೆಗೋಲಿನಲ್ಲಿ ಅಪಾಯದ ಮಟ್ಟಕ್ಕೆ ಅರ್ಧ ಮೀಟರ್ ಬಾಕಿ, ಮುನ್ಸೂಚನೆಯಲ್ಲಿ ಇನ್ನೂ ಮಳೆ" ಎಂಬುದು ಮಿತಿ. ಕಾಲರಾಕ್ಕಾದರೆ ದೃಢಪಟ್ಟ ಮೊದಲ ಪ್ರಕರಣವೇ ಮಿತಿ, ಎರಡನೆಯದಕ್ಕೆ ಕಾಯುವುದಿಲ್ಲ. ಬರ ಮಾತ್ರ ಬೇರೆ ಜಾತಿ. ಎಲ್ಲ ಅಂಕಿಗಳೂ ನಿಧಾನವಾಗಿ ಜಾರುವುದರಿಂದ ಯಾವ ದಿನವೂ "ಇವತ್ತೇ" ಅನ್ನಿಸುವುದಿಲ್ಲ. ಅದಕ್ಕೆ ಅಂಕಿಯ ಬದಲು ದಿನಾಂಕ ಕಟ್ಟಿಹಾಕಿ: ಮಳೆಗಾಲ ಮುಗಿದು ಇಂತಿಷ್ಟು ವಾರಕ್ಕೆ ಹೌದು ಅಥವಾ ಇಲ್ಲ ಎಂಬ ಲಿಖಿತ ತೀರ್ಮಾನ ಆಗಲೇಬೇಕು, ಮುಂದೂಡುವ ಅವಕಾಶ ಇರಬಾರದು.

ತುರ್ತು ಘೋಷಣೆ ಯಾವ ದಿನ ಕೊನೆಗೊಳ್ಳುತ್ತದೆ ಎಂಬುದನ್ನೂ ಮೊದಲೇ ಬರೆಯಿರಿ. ಐಎಎಸ್‌ಸಿಯ 2018ರ ಸ್ಕೇಲ್-ಅಪ್ (ನೆರವನ್ನು ಒಮ್ಮೆಲೇ ಹಿಗ್ಗಿಸುವ ಘೋಷಣೆ) ನಿಯಮಾವಳಿಯಲ್ಲಿ ಆರು ತಿಂಗಳು, ಒಮ್ಮೆ ಮಾತ್ರ ಮೂರು ತಿಂಗಳ ವಿಸ್ತರಣೆ ಎಂದಿದೆ. ಕೊನೆ ಇಲ್ಲದ ತುರ್ತಿನಲ್ಲಿ ಸಡಿಲ ಖರೀದಿ ನಿಯಮವೇ ರೂಢಿಯಾಗಿಬಿಡುತ್ತದೆ.

ಉತ್ತರ: ಗೋದಾಮಿನ_ಕಡೆಯಿಂದ

ದಾಸ್ತಾನಿನ ಭಾಗ ನನ್ನದು. "ಇಷ್ಟು ಕಿಟ್" ಎಂದು ಎಂದೂ ಬರೆಯಬೇಡಿ. "ಇಷ್ಟು ಜನಕ್ಕೆ, ಇಷ್ಟು ದಿನಕ್ಕೆ" ಎಂದು ಬರೆಯಿರಿ, ಕಿಟ್ ಸಂಖ್ಯೆ ಅದರಿಂದ ಹುಟ್ಟಲಿ. ಆಧಾರಕ್ಕೆ ಮಾನವೀಯ ನೆರವಿನ ಕನಿಷ್ಠ ಮಾನದಂಡಗಳ ಪುಸ್ತಕವಾದ 2018ರ ಸ್ಫಿಯರ್ ಕೈಪಿಡಿ ಸಾಕು. 1,000 ಕುಟುಂಬ, ತಲಾ ಐದು ಜನ, ಅಂದರೆ 5,000 ಜನ ಎಂದಿಟ್ಟುಕೊಳ್ಳಿ.

ನೀರು: ದಿನಕ್ಕೆ ತಲಾ 15 ಲೀಟರ್, ಒಟ್ಟು 75,000 ಲೀಟರ್. ಒಂದು ದಿನದ ನೀರು ಹಿಡಿದಿಡಲು 10,000 ಲೀಟರಿನ ಬ್ಲ್ಯಾಡರ್ ಟ್ಯಾಂಕ್ (ಮಡಚಿ ಒಯ್ಯಬಹುದಾದ ಚೀಲದಂಥ ಟ್ಯಾಂಕ್) ಎಂಟು. ಒಂದು ನಲ್ಲಿಗೆ ಗರಿಷ್ಠ 250 ಜನ, ಆದ್ದರಿಂದ 20 ನಲ್ಲಿ. ಈ 250 ಸುಮ್ಮನೆ ಬಂದದ್ದಲ್ಲ. ನಿಮಿಷಕ್ಕೆ 7.5 ಲೀಟರ್ ಹರಿಯುವ ನಲ್ಲಿಯಿಂದ 3,750 ಲೀಟರ್ ತುಂಬಿಸಲು 500 ನಿಮಿಷ, ಎಂಟು ಗಂಟೆ ಚಿಲ್ಲರೆ. ಬ್ಲ್ಯಾಡರನ್ನು ಎತ್ತರದ ಕಟ್ಟೆಯಿಲ್ಲದೆ ನೆಲದ ಮೇಲೇ ಹಾಸಿದರೆ ಹರಿವು ಕುಗ್ಗುತ್ತದೆ; ಅರ್ಧಕ್ಕೆ ಇಳಿದರೆ ಅದೇ ನೀರಿಗೆ ಹದಿನಾರು ಗಂಟೆಗೂ ಹೆಚ್ಚು ಬೇಕಾಗುತ್ತದೆ, ಸರದಿ ಸಾಲು ಕತ್ತಲಾದರೂ ಕರಗುವುದಿಲ್ಲ. ಹಾಗಾಗಿ ದಾಸ್ತಾನು ಪಟ್ಟಿಯಲ್ಲಿ ಬ್ಲ್ಯಾಡರ್ ಪಕ್ಕದಲ್ಲೇ ಕಟ್ಟೆ ಕಟ್ಟುವ ಖಾಲಿ ಮರಳಿನ ಚೀಲಗಳೂ ಇರಬೇಕು.

ಕ್ಲೋರಿನ್: ಲೀಟರಿಗೆ 3 ಮಿಲಿಗ್ರಾಂ ಎಂದು ಲೆಕ್ಕ ಹಿಡಿದರೆ 75,000 ಲೀಟರಿಗೆ 225 ಗ್ರಾಂ ಸಕ್ರಿಯ ಕ್ಲೋರಿನ್. 65 ಶೇಕಡಾ ಸಾಮರ್ಥ್ಯದ ಎಚ್‌ಟಿಎಚ್ (ಕ್ಯಾಲ್ಸಿಯಂ ಹೈಪೊಕ್ಲೋರೈಟ್) ಪುಡಿಯಾದರೆ ದಿನಕ್ಕೆ ಸುಮಾರು 350 ಗ್ರಾಂ, ತಿಂಗಳಿಗೆ ಹತ್ತೂವರೆ ಕಿಲೊ. ನಿಜವಾದ ಪ್ರಮಾಣವನ್ನು ಆ ನೀರಿನ ಮೇಲೆ ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು. ಅರ್ಧ ಗಂಟೆಯ ನಂತರ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿಕೆ ಇರಬೇಕು, ನೀರಿನ ಕಲಕುತನ 5 ಎನ್‌ಟಿಯುಗಿಂತ (ಕಲಕುತನದ ಅಳತೆಮಾನ) ಕಡಿಮೆ ಇರಬೇಕು. ಅಷ್ಟು ಸಾಕಾಗುವ ಕಡೆ ಇರಲಿ ಎಂದು ನೂರು ಕಿಲೊ ಪೇರಿಸಿಟ್ಟರೆ ಪುಡಿ ಶಕ್ತಿ ಕಳೆದುಕೊಳ್ಳುತ್ತದೆ, ಅದರ ಆವಿಗೆ ಪಕ್ಕದ ಪಂಪಿನ ಲೋಹ ತುಕ್ಕು ಹಿಡಿಯುತ್ತದೆ. ಡೀಸೆಲ್ಲು, ಪೆಟ್ರೋಲು ಇರುವ ಕೋಣೆಯಲ್ಲಂತೂ ಇಡಲೇಬಾರದು, ಬೆಂಕಿಗೆ ಆಹ್ವಾನ ಕೊಟ್ಟ ಹಾಗೆ. ಎಲ್ಲರೂ ಮರೆಯುವುದು ಕ್ಲೋರಿನ್ ಉಳಿಕೆ ಅಳೆಯುವ ಡಿಪಿಡಿ ಮಾತ್ರೆಗಳನ್ನು. ಪುಡಿ ಇದೆ, ಪರೀಕ್ಷೆಯ ಪೆಟ್ಟಿಗೆ ಇದೆ, ಮಾತ್ರೆಯ ಅವಧಿ ಮುಗಿದಿದೆ ಎಂಬ ಗೋದಾಮುಗಳು ಬೇಕಾದಷ್ಟಿವೆ.

ಶೌಚಾಲಯ: ಆರಂಭದಲ್ಲಿ 50 ಜನಕ್ಕೆ ಒಂದರಂತೆ 100, ಆಮೇಲೆ 20 ಜನಕ್ಕೆ ಒಂದರಂತೆ 250. ಹೆಂಗಸರಿಗೆ ಮೂರಿದ್ದರೆ ಗಂಡಸರಿಗೆ ಒಂದು ಎಂಬ ಅನುಪಾತ. ಸಾಬೂನು: ತಿಂಗಳಿಗೆ ತಲಾ ಸ್ನಾನಕ್ಕೆ 250 ಗ್ರಾಂ, ಬಟ್ಟೆಗೆ 200 ಗ್ರಾಂ, ಒಟ್ಟು 2,250 ಕಿಲೊ. ಟಾರ್ಪಾಲು: 4 × 6 ಮೀಟರಿನದು ಕುಟುಂಬಕ್ಕೆ ಎರಡರಂತೆ 2,000. ಐದು ಜನಕ್ಕೆ ತಲಾ 3.5 ಚದರ ಮೀಟರಿನಂತೆ 17.5 ಚದರ ಮೀಟರ್ ನೆರಳು ಬೇಕು. ಒಂದೇ ಟಾರ್ಪಾಲು 24 ಚದರ ಮೀಟರ್ ಇದೆಯಲ್ಲ ಅನ್ನಿಸಬಹುದು; ಇಳಿಜಾರು, ಗೋಡೆ, ಮಡಿಕೆಗಳಿಗೆ ಹೋಗುವುದನ್ನು ಕಳೆದರೆ ಒಂದು ಸಾಲುವುದಿಲ್ಲ. ಹಗ್ಗ, ಗೂಟ, ಸಲಿಕೆ ಇಲ್ಲದ ಟಾರ್ಪಾಲು ಬರೀ ಹಾಸು.

ತೀವ್ರ ಅಪೌಷ್ಟಿಕತೆಯ ಮಕ್ಕಳಿಗೆ ಕೊಡುವ ಚಿಕಿತ್ಸಾ ಪೌಷ್ಟಿಕ ಪೇಸ್ಟ್ ತಯಾರಾದ ದಿನದಿಂದ 24 ತಿಂಗಳು ಬಾಳುತ್ತದೆ. 150 ಪೊಟ್ಟಣದ ಒಂದು ಪೆಟ್ಟಿಗೆ ಸುಮಾರಾಗಿ ಒಂದು ಮಗುವಿನ ಇಡೀ ಚಿಕಿತ್ಸೆಗೆ ಎಂದು ಲೆಕ್ಕ. ಆರು ತಿಂಗಳು ಬಾಕಿ ಇರುವಾಗಲೇ ಅದನ್ನು ನಡೆಯುತ್ತಿರುವ ಕಾರ್ಯಕ್ರಮಕ್ಕೆ ಕೊಟ್ಟು ಹೊಸದನ್ನು ತುಂಬಿಸುವುದು ಕಡ್ಡಾಯ ಭಾಗದಲ್ಲೇ ಬರಲಿ. ಮೊದಲು ಬಂದದ್ದಲ್ಲ, ಮೊದಲು ಅವಧಿ ಮುಗಿಯುವುದು ಮೊದಲು ಹೊರಡಬೇಕು.

ಇನ್ನು ಯಾವ ಪಟ್ಟಿಯಲ್ಲೂ ಕಾಣದ ದೋಷ ಒಂದಿದೆ: ಪೈಪಿನ ತಿರುಪಿನ ಎಳೆ. ದಾನಿಗಳು ಕೊಟ್ಟ ಟ್ಯಾಂಕಿಗೆ ಎನ್‌ಪಿಟಿ (ಅಮೆರಿಕದ ಮಾನದಂಡ) ಎಳೆ, ಸ್ಥಳೀಯವಾಗಿ ಕೊಂಡ ನಲ್ಲಿಗೆ ಬಿಎಸ್‌ಪಿ (ಬ್ರಿಟಿಷ್ ಮಾನದಂಡ) ಎಳೆ ಇರಬಹುದು. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಎಳೆಯೇ ಇರುವುದರಿಂದ ಕೈಯಲ್ಲಿ ತಿರುಗಿಸಿದರೆ ಒಳಗೆ ಹೋಗುತ್ತದೆ, ಸರಿಯಾಯಿತು ಅನ್ನಿಸುತ್ತದೆ. ಆದರೆ ಎಳೆಯ ಕೋನ ಒಂದಕ್ಕೆ 60 ಡಿಗ್ರಿ, ಇನ್ನೊಂದಕ್ಕೆ 55. ಒತ್ತಡ ಬಂದ ಕೂಡಲೇ ಸೋರುತ್ತದೆ, ಎಷ್ಟು ಟೇಪ್ ಸುತ್ತಿದರೂ ನಿಲ್ಲುವುದಿಲ್ಲ. ಒಂದರಿಂದ ಎರಡು ಇಂಚಿನ ಪೈಪಿನಲ್ಲಿ ಬಿಎಸ್‌ಪಿಗೆ ಇಂಚಿಗೆ 11, ಎನ್‌ಪಿಟಿಗೆ 11.5 ಎಳೆ ಆದ್ದರಿಂದ ಎರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ. ಎಲ್ಲ ಕಚೇರಿಗೂ ಒಂದೇ ಎಳೆ ಎಂದು ಕಾರ್ಯವಿಧಾನದಲ್ಲೇ ಬರೆಯಿರಿ. ವರ್ಷಕ್ಕೊಮ್ಮೆ ಒಂದು ಸೆಟ್ಟನ್ನು ಪೆಟ್ಟಿಗೆಯಿಂದ ತೆಗೆದು, ಜೋಡಿಸಿ, ನೀರು ತುಂಬಿಸಿ ನೋಡಲಿ. ಎಣಿಕೆ ಮಾಡುವುದನ್ನೇ ಪರಿಶೀಲನೆ ಎಂದುಕೊಂಡರೆ ಇಂಥದ್ದು ಯಾವ ಕಾಲಕ್ಕೂ ಸಿಕ್ಕಿಬೀಳುವುದಿಲ್ಲ.

ಸರಬರಾಜುದಾರರ ಜೊತೆಗಿನ ಮುಂಗಡ ಒಪ್ಪಂದದಲ್ಲಿ ಪ್ರಮಾಣ, ಎಷ್ಟು ದಿನದಲ್ಲಿ, ಎಲ್ಲಿಗೆ ತಂದು ಇಳಿಸಬೇಕು ಎಂಬ ಮೂರೂ ಇಲ್ಲದಿದ್ದರೆ ಅದು ದರಪಟ್ಟಿ ಮಾತ್ರ. ಅದೇ ಸರಬರಾಜುದಾರ ಇನ್ನೆಷ್ಟು ಸಂಸ್ಥೆಗಳಿಗೆ ಇದೇ ಮಾತು ಕೊಟ್ಟಿದ್ದಾನೆ ಎಂದು ಕೇಳಿ. ಒಂದೇ ಗೋದಾಮಿನ 5,000 ಟಾರ್ಪಾಲನ್ನು ನಾಲ್ಕು ಸಂಸ್ಥೆಗಳು ತಮ್ಮದೆಂದು ಎಣಿಸಿಕೊಂಡಿರುವುದು ಸಾಮಾನ್ಯ.

ಹೊರದೇಶದಿಂದ ಬರುವ ಆರೋಗ್ಯ ಕಿಟ್ ಇದ್ದರೆ ಮಾರ್ಫಿನ್, ಡಯಾಜೆಪಾಮ್‌ನಂಥ ನಿಯಂತ್ರಿತ ಔಷಧಗಳನ್ನು ಬೇರೆ ಪೆಟ್ಟಿಗೆ, ಬೇರೆ ಕಾಗದಪತ್ರದಲ್ಲಿ ತರಿಸಿ. ಆಮದು ಪರವಾನಗಿ ಒಂದಕ್ಕಾಗಿ ಇಡೀ ಕಿಟ್ ಸುಂಕದ ಕಟ್ಟೆಯಲ್ಲಿ ಕೂರಬಾರದು. ಉಪಗ್ರಹ ಫೋನು, ರೇಡಿಯೊಗಳ ಪರವಾನಗಿಯೂ ಹಾಗೆಯೇ, ಮೊದಲೇ ಪಡೆದಿರಬೇಕು.

ಉತ್ತರ: ನಗದು_ನೆರವು

ಮೇಲಿನ ಲೆಕ್ಕಗಳಿಗೆ ನನ್ನ ತಕರಾರಿಲ್ಲ, ಆದರೆ ಎಲ್ಲವನ್ನೂ ಗೋದಾಮಿನಲ್ಲಿ ಇಡಬೇಕೆಂದು ಓದಿಕೊಳ್ಳಬೇಡಿ. ಮೊದಲ ವಾರದಲ್ಲಿ ಮಾರುಕಟ್ಟೆ ಕೊಡಲಾರದ್ದನ್ನು ಮಾತ್ರ ಇಡಿ. ಸಾಬೂನು, ಬಕೆಟ್ಟು, ಪಾತ್ರೆಗಳಿಗೆ ಬಹುಪಾಲು ಸಂದರ್ಭಗಳಲ್ಲಿ ನಗದು ಸಾಕು. 2,250 ಕಿಲೊ ಸಾಬೂನು ವರ್ಷಗಟ್ಟಲೆ ಕಾಯುತ್ತ ಕೂರುವುದು ದಂಡ.

ಆದರೆ "ಅಗತ್ಯವಿದ್ದರೆ ನಗದು ನೀಡಲಾಗುವುದು" ಎಂಬ ಒಂದು ಸಾಲು ಸನ್ನದ್ಧತೆಯಲ್ಲ. ಹಣ ತಲುಪಿಸುವ ಕಂಪನಿಯ ಜೊತೆ ಒಪ್ಪಂದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಅದು ಮೊದಲೇ ಸಹಿಯಾಗಿರಬೇಕು. ಮನೆಯೊಂದಿಗೆ ಗುರುತಿನ ಚೀಟಿಯೂ ಸಿಮ್ಮೂ ಹೋದವರಿಗೆ ಯಾವ ದಾಖಲೆಯ ಮೇಲೆ ಹಣ ಕೊಡುತ್ತಾರೆ ಎಂಬುದು ಒಪ್ಪಂದದಲ್ಲಿರಬೇಕು. ಏಜೆಂಟರ ಕೈಯಲ್ಲಿ ಒಂದು ದಿನಕ್ಕೆ ಎಷ್ಟು ನಗದು ಇರುತ್ತದೆ ಎಂದು ಕೇಳಿ ಬರೆದಿಡಿ. ಸಂದೇಶ ಬಂದರೂ ಅಂಗಡಿಯಲ್ಲಿ ನೋಟು ಇಲ್ಲದೆ ಜನ ವಾಪಸ್ ಹೋಗುವುದು ಇಲ್ಲೇ. ನೆಟ್‌ವರ್ಕ್ ಬಿದ್ದರೆ ಕಾಗದದ ವೋಚರ್, ಅದು ಕ್ರಮಸಂಖ್ಯೆ ಸಮೇತ ಮುದ್ರಿಸಿ ಕಬ್ಬಿಣದ ಪೆಟ್ಟಿಗೆಯಲ್ಲಿರಬೇಕು. ಫಲಾನುಭವಿಗಳ ಮಾಹಿತಿಯಲ್ಲಿ ಯಾವ ಕಾಲಮ್ಮು ಕಂಪನಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ, ಕೆಲಸ ಮುಗಿದ ಮೇಲೆ ಯಾವಾಗ ಅಳಿಸುತ್ತಾರೆ, ಇದೂ ಮೊದಲೇ. ವರ್ಷಕ್ಕೊಮ್ಮೆ ಕೆಲವೇ ಖಾತೆಗಳಿಗೆ ಸಣ್ಣ ಮೊತ್ತ ಕಳಿಸಿ ನೋಡಿ. ಹೆಸರಿನ ಕಾಗುಣಿತ ತಾಳೆಯಾಗದೆ ಎಷ್ಟು ಪಾವತಿ ಹಿಂದಿರುಗುತ್ತವೆ ಎಂಬುದು ಆಗ ಗೊತ್ತಾಗುತ್ತದೆ.

ಉತ್ತರ: ಲೆಕ್ಕ_ಮತ್ತು_ಸಹಿ

ಕೈಪಿಡಿಗಳು ತಾಳೆಯಾಗುತ್ತಿಲ್ಲ ಅಂದಿರಿ. ಕಾರ್ಯವಿಧಾನದಲ್ಲಿ ಒಂದು ಸಾಲು ಬೇಕು: ಘೋಷಣೆಯಾದ ಗಳಿಗೆಯಿಂದ ಖರೀದಿ, ಹಣಕಾಸು, ನೇಮಕಾತಿ ಕೈಪಿಡಿಗಳ ಇಂತಿಂಥ ಕಲಮುಗಳ ಬದಲು ಈ ದಾಖಲೆಯ ಇಂತಿಂಥ ಕಲಮು ಅನ್ವಯಿಸುತ್ತದೆ ಎಂದು. ಕಲಮಿನ ಸಂಖ್ಯೆ ಸಮೇತ. ಆ ಸಾಲಿಗೆ ಮೂರೂ ವಿಭಾಗಗಳ ಮುಖ್ಯಸ್ಥರ ಸಹಿ ಇರಲಿ. ಅದಿಲ್ಲದಿದ್ದರೆ ಮೂರು ದರಪಟ್ಟಿ ಎಲ್ಲಿ ಎಂದು ಲೆಕ್ಕಾಧಿಕಾರಿ ಕೇಳುತ್ತಾರೆ, ಕೇಳಲೇಬೇಕು, ಅವರ ಕೆಲಸವೇ ಅದು.

ಮೂರು ದರಪಟ್ಟಿಯ ಬದಲು ಒಂದಕ್ಕೆ ಇಳಿಸಿದರೂ ಕಾಗದ ಮನ್ನಾ ಆಗಬಾರದು. ಒಂದು ಪುಟದ ಟಿಪ್ಪಣಿ, ಏಕೆ ಈ ಸರಬರಾಜುದಾರ, ದರ ಸಮಂಜಸ ಎಂಬುದಕ್ಕೆ ಏನು ಆಧಾರ, ಸಾಮಾನು ಪಡೆದದ್ದಕ್ಕೆ ಸಹಿ: ಇಷ್ಟು ಅದೇ ದಿನ. ಘಟನೆ ಮುಗಿದ ಮೇಲೆ ಹಿಂದಿನ ದಿನಾಂಕ ಹಾಕಿ ತಯಾರಿಸುವ ವಿನಾಯಿತಿ ಪತ್ರವನ್ನು ಕಾರ್ಯವಿಧಾನವೇ ನಿಷೇಧಿಸಲಿ.

ಚೆಕ್ಕಿಗೆ ಸಹಿ ಹಾಕುವ ಇಬ್ಬರೂ ಒಂದೇ ಊರಲ್ಲಿ ಇರಬಾರದು. ಆ ಊರಿಗೇ ದಾರಿ ಕಡಿದುಹೋದರೆ ಹಣ ಇದ್ದೂ ಇಲ್ಲದ ಹಾಗೆ. ಮೂರನೆಯವರ ಮಾದರಿ ಸಹಿಯನ್ನು ಬ್ಯಾಂಕಿಗೆ ಮೊದಲೇ ಕೊಟ್ಟಿರಿ.

ತುರ್ತಿಗೆ ಕಳಿಸಬಹುದಾದವರ ಪಟ್ಟಿಯಲ್ಲಿ, ಅಂದರೆ ಸಿಬ್ಬಂದಿ ರೋಸ್ಟರಿನಲ್ಲಿ, ಹೆಸರಿದ್ದರೆ ಸಾಲದು, "72 ಗಂಟೆಯಲ್ಲಿ ಬಿಟ್ಟುಕೊಡುತ್ತೇನೆ" ಎಂದು ಅವರ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಬೇಕು. ಹೊರಗೆ ಹೋಗುವವರ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸ್ಥಳೀಯ ಸಿಬ್ಬಂದಿಯಲ್ಲಿ ಅರ್ಧ ಜನ ಮಾತ್ರ ಬರುತ್ತಾರೆ ಎಂದಿಟ್ಟುಕೊಂಡು ಯೋಜಿಸಿ, ಉಳಿದವರು ತಮ್ಮ ಮನೆಮಂದಿಯನ್ನು ಹುಡುಕುತ್ತಿರುತ್ತಾರೆ. ಹೊಸದಾಗಿ ಸೇರಿಸಿಕೊಳ್ಳುವ ದಿನಗೂಲಿಯವರು, ಸ್ವಯಂಸೇವಕರೂ ಲೈಂಗಿಕ ಶೋಷಣೆ ತಡೆಯ ನೀತಿಸಂಹಿತೆಗೆ ಸಹಿ ಹಾಕಿದ ಮೇಲೇ ವಿತರಣೆಗೆ ಹೋಗಬೇಕು. ಎಷ್ಟೇ ಅವಸರ ಇರಲಿ, ಇದಕ್ಕೆ ವಿನಾಯಿತಿ ಇಲ್ಲ ಎಂದು ಬರೆಯಿರಿ. ನಿಯಮ ಸಡಿಲವಾದ ಮೊದಲ ದಿನಗಳಲ್ಲೇ ದುರುಪಯೋಗಕ್ಕೆ ದಾರಿ ಹೆಚ್ಚು.

ಮರುಪ್ರಶ್ನೆ: ಹೊಸ_ಕರಡು

ಎಲ್ಲರಿಗೂ ಧನ್ಯವಾದ. ಪುರಾವೆಯ ಕಾಲಮ್ಮು ಮತ್ತು ಕೈಪಿಡಿಗಳ ಮೇಲಿನ ಕಲಮು, ಇವೆರಡನ್ನು ಹಾಗೇ ತೆಗೆದುಕೊಳ್ಳುತ್ತೇನೆ. ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಿ. ಪೂರ್ಣ ಪ್ರಮಾಣದ ಅಣಕು ಕಾರ್ಯಾಚರಣೆಗೆ ಹಣವೂ ಇಲ್ಲ, ಸಮಯವೂ ಇಲ್ಲ.

ಉತ್ತರ: ಸಮನ್ವಯ_ಮೇಜು

ಅದರ ಅಗತ್ಯವೂ ಇಲ್ಲ. ಕರಡಿನ ದೋಷಗಳಲ್ಲಿ ಬಹುಪಾಲು ಮೇಜಿನ ಸುತ್ತ ನಡೆಸುವ ಮೂರು ಗಂಟೆಯ ಅಭ್ಯಾಸದಲ್ಲೇ ಹೊರಬರುತ್ತವೆ. ಎಂಟು ಹತ್ತು ಜನ ಸಾಕು, ಆದರೆ ಲೆಕ್ಕಾಧಿಕಾರಿ, ಗೋದಾಮಿನವರು, ವಾಹನ ಮೇಲ್ವಿಚಾರಕರು ಇರಲೇಬೇಕು. ಬರೀ ಕಾರ್ಯಕ್ರಮದವರು ಕೂತರೆ ಎಲ್ಲವೂ ಸಲೀಸಾಗಿ ನಡೆದುಬಿಡುತ್ತದೆ. ಇಪ್ಪತ್ತು ನಿಮಿಷಕ್ಕೊಂದು ಹೊಸ ಚೀಟಿ ಕೊಡಿ: ನಿರ್ದೇಶಕರು ವಿಮಾನದಲ್ಲಿದ್ದಾರೆ, ಬ್ಯಾಂಕ್ ಮುಚ್ಚಿದೆ, ಸಂಖ್ಯೆ 5,000 ಅಲ್ಲ, 9,000, ಗೋದಾಮಿನ ಬೀಗದ ಕೈ ಇರುವವರ ಮನೆಯೇ ಮುಳುಗಿದೆ. ಪ್ರತಿ ಚೀಟಿಗೂ ಉತ್ತರವನ್ನು ಕರಡಿನ ಪುಟ ಮತ್ತು ಕಲಮು ತೋರಿಸಿಯೇ ಕೊಡಬೇಕೆಂಬ ನಿಯಮ ಇಡಿ. "ಹೇಗೋ ಮಾಡುತ್ತೇವೆ" ಎಂದು ಯಾರಾದರೂ ಅಂದರೆ ಬರೆಯುವವರು ಅದನ್ನು ಕರಡಿನ ತೂತು ಎಂದು ದಾಖಲಿಸಲಿ. ನಡೆಸಿಕೊಡುವವರು ಕರಡು ಬರೆದವರಾಗಿರಬಾರದು, ಬಾಯಿಮಾತಿನಲ್ಲಿ ತೂತು ಮುಚ್ಚುತ್ತ ಹೋಗುತ್ತಾರೆ.

ಇದರ ಜೊತೆಗೆ ಒಂದು ಪುಟ್ಟ ನಿಜದ ಪರೀಕ್ಷೆ. ಮುನ್ಸೂಚನೆ ಇಲ್ಲದೆ ಒಂದು ಲಾರಿ ತರಿಸಿ, 50 ಕುಟುಂಬದ ಸಾಮಾನು ತುಂಬಿಸಿ ಗೇಟು ದಾಟಿಸಿ. ಕರೆ ಹೋದ ಗಳಿಗೆಯಿಂದ ಗೇಟಿನವರೆಗೆ ಎಷ್ಟು ಹೊತ್ತು ಎಂದು ಬರೆದುಕೊಳ್ಳಿ. ಹೊತ್ತು ಹೋಗುವುದು ಲೋಡಿಂಗಿಗಲ್ಲ, ಸಾಮಾನು ಬಿಡುಗಡೆ ಚೀಟಿಯ ಸಹಿಗೆ.

ಸಿಕ್ಕ ದೋಷಗಳಲ್ಲಿ ಹತ್ತನ್ನು ಮಾತ್ರ ಆರಿಸಿ. ಪ್ರತಿಯೊಂದಕ್ಕೂ ಒಬ್ಬರು, ಒಂದು ದಿನಾಂಕ. ಅದು ಮುಗಿದ ಮೇಲೆ ಸಹಿಗೆ ಕಳಿಸಿ. ಸಹಿಯಾದ ದಿನವೇ ಹಳೆಯ ಆವೃತ್ತಿಯನ್ನು ಹಂಚಿಕೆಯ ಫೋಲ್ಡರಿನಿಂದ ತೆಗೆಯಿರಿ, ಕ್ಷೇತ್ರ ಕಚೇರಿಗಳ ಗೋಡೆಯ ಮೇಲಿನ ಹಳೆಯ ಚಾರ್ಟುಗಳನ್ನೂ ಕೀಳಿಸಿ. ಹೊಸದರ ಕಡ್ಡಾಯ ಭಾಗ ಮತ್ತು ಫೋನ್ ಪಟ್ಟಿಯ ಮುದ್ರಿತ ಪ್ರತಿ ಪ್ರತಿ ಕಚೇರಿಯಲ್ಲಿ ಒಂದು, ತುರ್ತು ವಾಹನದಲ್ಲಿ ಒಂದು. ಪ್ರತಿ ಪುಟದ ಕೆಳಗೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಅಚ್ಚಾಗಿರಲಿ, ಕರೆಂಟು ಹೋದ ರಾತ್ರಿ ಇಬ್ಬರ ಕೈಯಲ್ಲಿ ಎರಡು ಆವೃತ್ತಿ ಇದ್ದರೆ ಯಾವುದು ಹೊಸದೆಂದು ತಿಳಿಯಲು ಬೇರೆ ದಾರಿ ಇರುವುದಿಲ್ಲ.

ಉತ್ತರ: ಗೋದಾಮಿನ_ಕಡೆಯಿಂದ

ಲಾರಿ ಪರೀಕ್ಷೆಗೆ ಒಂದು ಸೇರ್ಪಡೆ. ಲೋಡಿನ ತೂಕ ಮಾತ್ರವಲ್ಲ, ಘನಅಳತೆಯನ್ನೂ ಬರೆದುಕೊಳ್ಳಿ. ಕಂಬಳಿ, ಜೆರ್ರಿಕ್ಯಾನು, ಬಕೆಟ್ಟುಗಳಲ್ಲಿ ತೂಕ ತುಂಬುವ ಎಷ್ಟೋ ಮೊದಲೇ ಜಾಗ ತುಂಬುತ್ತದೆ. "ಹತ್ತು ಟನ್ನಿನ ಲಾರಿ ಒಂದು" ಎಂದು ಯೋಜನೆಯಲ್ಲಿ ಬರೆದಿದ್ದಕ್ಕೆ ಅಲ್ಲಿ ಮೂರು ಲಾರಿ ಬೇಕಾಗಬಹುದು. ಮಡಚಬಹುದಾದ ಜೆರ್ರಿಕ್ಯಾನು ಕೊಂಡರೆ ಜಾಗ ಬಹಳ ಉಳಿಯುತ್ತದೆ, ಆದರೆ ಮಡಿಕೆಯಲ್ಲೇ ಸೀಳುತ್ತವೆ. ಅವಕ್ಕೂ ಅದೇ ವಾರ್ಷಿಕ ಪರೀಕ್ಷೆ: ಪ್ರತಿ ಲಾಟಿನಿಂದ ಒಂದಿಷ್ಟು ತೆಗೆದು, ನೀರು ತುಂಬಿಸಿ, ಒಂದು ರಾತ್ರಿ ನೇತುಹಾಕಿ ನೋಡಿ.